ಬದಲಾಗದ ‘ವೇರಿಯಬಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಕೋಬಾಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ಹಳೇ ಬಡ್ಡಿ ಲೆಕ್ಕದ ಪ್ರೋಗ್ರಾಮನ್ನು ಹ್ಯಾಸ್ಕೆಲ್ ಅನ್ನುವ ಇನ್ನೊಂದು ಭಾಷೆಗೆ ತರುವುದು ಹೇಗೆ ಅಂತ ವಿದ್ಯಾರ್ಥಿಗಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಇಂಥ ಹಳೇ ಪ್ರೋಗ್ರಾಮಿಗೆ ಇಂಗ್ಲಿಷಿನಲ್ಲಿ ‘ಲೆಗಸಿ’ ಅನ್ನುತ್ತಾರೆ, ಅದಕ್ಕೆ ‘ಪರಂಪರೆ’ ಅಂದರೆ ಹೊಗಳಿದ ಹಾಗಾಗುತ್ತದೆ. ‘ಹಳೇ ಕೋಡ್’ ಸಾಕು. ಹ್ಯಾಸ್ಕೆಲ್ ಥರ ಫಂಕ್ಷನ್ನುಗಳಿಂದಲೇ ಪ್ರೋಗ್ರಾಮು ಕಟ್ಟುವ ಭಾಷೆಗೆ ‘ಫಂಕ್ಷನಲ್’ ಅನ್ನುತ್ತಾರೆ, ಅದಕ್ಕೆ ‘ಕ್ರಿಯಾತ್ಮಕ’ ಅಂತ ಹಾಕುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಇಲ್ಲಿನ ಫಂಕ್ಷನ್ ಗಣಿತದ್ದು: ಅದೇ ಬೆಲೆ (ವ್ಯಾಲ್ಯೂ) ಕೊಟ್ಟರೆ ಯಾವಾಗಲೂ ಅದೇ ಉತ್ತರ. ಗಣಿತದವರ ‘ಉತ್ಪನ್ನ’ ಬಳಸಿದರೆ ಕಾರ್ಖಾನೆ ನೆನಪಾಗುತ್ತದೆ, ಹಾಗಾಗಿ ‘ಫಲನ’ ಇಟ್ಟುಕೊಂಡಿದ್ದೇನೆ.

ತೊಡಕಾಗಿರುವುದು ‘ವೇರಿಯಬಲ್’, ಅಂದರೆ ಪ್ರೋಗ್ರಾಮಿನಲ್ಲಿ ಒಂದು ಬೆಲೆಯನ್ನು ಗುರುತಿಸುವ ‘ಎನ್’, ‘ಎಕ್ಸ್’ ಥರದ್ದು.

1959ರಲ್ಲಿ ರೂಪ ತಳೆದ ಕೋಬಾಲ್‌ನಲ್ಲಿ ಪ್ರತಿ ಅಂಕಿಗೂ ಮೊದಲೇ ಜಾಗ ಕಾದಿರಿಸುತ್ತೇವೆ. ‘ಆಡ್ 1 ಟು ಎನ್’ ಅಂದರೆ ಆ ಜಾಗದಲ್ಲಿದ್ದದ್ದು ಅಳಿಸಿಹೋಗಿ ಹೊಸದು ಕೂರುತ್ತದೆ. ಅದಕ್ಕೆ ‘ಚಲಕ’ ಒಪ್ಪುತ್ತದೆ. 1990ರಲ್ಲಿ ಬಂದ ಹ್ಯಾಸ್ಕೆಲ್‌ನಲ್ಲಿ ಹೆಸರಿಗೆ ಒಮ್ಮೆ ಬೆಲೆ ಅಂಟಿತೆಂದರೆ ಮುಗಿಯಿತು. ಅಲ್ಲಿ ‘ಎನ್ = ಎನ್ + 1’ ಅಂತ ಬರೆದರೆ ಒಂದು ಜಾಸ್ತಿಯಾಗುವುದಿಲ್ಲ, ಎನ್ ತನ್ನ ಬೆಲೆಗಾಗಿ ತನ್ನನ್ನೇ ಕೇಳಿಕೊಳ್ಳುತ್ತಾ ಕೂರುತ್ತದೆ. ಎರ್ಲಾಂಗ್ ಅನ್ನುವ ಇನ್ನೊಂದು ಫಂಕ್ಷನಲ್ ಭಾಷೆ ಆದರೆ ಎರರ್ ಕೊಟ್ಟು ನಿಲ್ಲುತ್ತದೆ. ಎಷ್ಟೋ ವಾಸಿ!

ಶಾಲೆಯ ‘ಚರಾಕ್ಷರ’ ಇದಕ್ಕೆ ಹತ್ತಿರದ್ದು. ಒಂದು ಲೆಕ್ಕದೊಳಗೆ ಎಕ್ಸ್ ಬೆಲೆ ಬದಲಾಗುವುದಿಲ್ಲ ಅಲ್ವಾ? ಆದರೆ ‘ಚರ’ ಅಂದ ಕೂಡಲೇ ಹುಡುಗರು ಅದನ್ನು ಬದಲಾಯಿಸಲು ಹೊರಡುತ್ತಾರೆ. ‘ಸ್ಥಿರಾಂಕ’ವೂ ಆಗದು, ಫಲನವನ್ನು ಕರೆದಾಗಲೆಲ್ಲ ಬೇರೆ ಬೇರೆ ಬೆಲೆ ಬರಬಹುದು.

ಹಳೇ ಕೋಡನ್ನು ಸಾಲು ಸಾಲಾಗಿ ತಿರುಗಿಸಲು ಹೋದರೆ ಮೊದಲು ಎಡವುವುದೇ ಇಲ್ಲಿ. ಬಾಕಿ ಹಣವನ್ನು ಎಲ್ಲಿ ತಿದ್ದಬೇಕು ಅಂತ ಜಾಗ ಹುಡುಕುತ್ತಾರೆ. ಅವರಿಗೆ ಕಿರ್ದಿ ಪುಸ್ತಕ ತೋರಿಸಬೇಕು ಅನ್ನಿಸಿತು. ಅದರಲ್ಲಿ ಹಳೇ ಶಿಲ್ಕನ್ನು ಯಾರೂ ಅಳಿಸುವುದಿಲ್ಲ. ಜಮೆ, ಖರ್ಚು ಬರೆದು ಹೊಸ ಶಿಲ್ಕು ತೆಗೆಯುತ್ತಾರೆ. ಹ್ಯಾಸ್ಕೆಲ್‌ನ ‘ಸ್ಕ್ಯಾನ್‌ಎಲ್’ ಅನ್ನುವ ಸಿದ್ಧ ಫಲನ ಮಾಡುವುದೂ ಇದನ್ನೇ. ಕೂಡಿಸುವ ಫಲನ, ಆರಂಭದ ಶಿಲ್ಕು, ವಹಿವಾಟಿನ ಪಟ್ಟಿ ಕೊಟ್ಟರೆ ಪ್ರತಿ ಹಂತದ ಶಿಲ್ಕೂ ಬರುತ್ತದೆ. ‘ಫೋಲ್ಡ್‌ಎಲ್’ ಕೊನೆಯದನ್ನು ಮಾತ್ರ ಕೊಡುತ್ತದೆ. (ಈ ‘ಫೋಲ್ಡ್’ಗೆ ‘ಮಡಿಕೆ’ ಅಂತ ಬರೆದು ನೋಡಿದೆ. ನಮ್ಮ ಕಡೆ ಅದು ಅನ್ನ ಮಾಡುವ ಮಡಿಕೆ!)

ಸದ್ಯಕ್ಕೆ ನನ್ನ ಮನಸ್ಸು ಬರೀ ‘ಹೆಸರು’ ಅನ್ನುವ ಕಡೆಗಿದೆ. ಬೆಲೆಗೆ ಇಟ್ಟ ಹೆಸರು, ಅಷ್ಟೇ. ಆದರೆ ಬ್ಯಾಂಕಿನ ಪ್ರೋಗ್ರಾಮಿನಲ್ಲಿ ಗ್ರಾಹಕರ ಹೆಸರು, ಫೈಲಿನ ಹೆಸರು ಅಂತ ಆಗಲೇ ಬೇಕಾದಷ್ಟು ಹೆಸರುಗಳಿವೆ. ‘ಇಟ್ಟಹೆಸರು’ ಅಂತ ಒಂದೇ ಪದ ಮಾಡಿದರೆ ನಿಮ್ಮ ಕಿವಿಗೆ ಹೇಗಿದೆ? ಗಣಿತ ಪಾಠ ಮಾಡುವವರು ಯಾರಾದರೂ ಇದ್ದರೆ ಇನ್ನೊಂದು ಪ್ರಶ್ನೆ: ಎಫ್ ಆಫ್ ಎಕ್ಸ್ ವಿವರಿಸುವಾಗ ಆ ಎಕ್ಸ್ ಅನ್ನು ತರಗತಿಯಲ್ಲಿ ಬಾಯಿಮಾತಿಗೆ ಏನಂತ ಕರೆಯುತ್ತೀರಿ?