ಸಹಾಯ ಬೇಕು: ಮರುಭೂಮಿ ಸವಾರಿಯಲ್ಲಿ ಉಪ್ಪು, ಮುಳ್ಳು

ದೇಣಿಗೆ ಸಂಗ್ರಹಕ್ಕೆ ಅಂತ ಮರುಭೂಮಿಯಲ್ಲಿ ಸೈಕಲ್ ತುಳಿಯುತ್ತಿದ್ದೇವೆ. ಇವತ್ತು ನಾಲ್ಕನೇ ದಿನ, 110 ಕಿಲೋಮೀಟರ್. ಹತ್ತು ಗಂಟೆಗೆಲ್ಲ ಎದುರುಗಾಳಿ. ಬಾಟಲಿ ನೀರು ಟೀ ತರ ಬಿಸಿ. ಮಧ್ಯಾಹ್ನಕ್ಕೆ ಕಪ್ಪು ಜೆರ್ಸಿ ಮೇಲೆ ಬೆವರಿನ ಉಪ್ಪು ಬಿಳಿ ಗೆರೆ ಎಳೆದಿತ್ತು. ಆಮೇಲೆ ತೊಡೆ ಸೆಟೆದುಕೊಂಡು ರಸ್ತೆ ಪಕ್ಕ ಕೂತುಬಿಟ್ಟೆ.

ಸುಮ್ನೆ ನೀರು ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ ಅಂತ ಗೊತ್ತು. ಆದರೆ ಓಆರ್‌ಎಸ್ ಕುಡಿದರೆ ನನಗೆ ವಾಕರಿಕೆ. ನೀವು ಬೇರೆ ಏನು ತಗೊಳ್ಳುತ್ತೀರಿ?

ಇನ್ನೊಂದು ಗೋಳು ಪಂಕ್ಚರ್. ಒಂದೇ ದಿನ ಮೂರು! ಟೈರ್ ಒಳಗೆ ಬೆರಳಾಡಿಸಿ ನೋಡದೆ ಹೊಸ ಟ್ಯೂಬ್ ಹಾಕಿದ್ದು ನನ್ನದೇ ದಡ್ಡತನ. ಮುರಿದ ಮುಳ್ಳಿನ ತುದಿ ಅಲ್ಲೇ ಕೂತಿತ್ತು. ಟ್ಯೂಬಿಗೆ ಸೀಲೆಂಟ್ (ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವ) ಹಾಕಿ ಇಂಥ ದಾರಿಯಲ್ಲಿ ಓಡಿಸಿದವರು ಇದ್ದೀರಾ? ನಾಳೆ ವಿಶ್ರಾಂತಿ, ಅಷ್ಟರೊಳಗೆ ಹೇಳಿದರೆ ಉಪಕಾರ.