ಅಜ್ಜನ ಕೋವಿ 19 ವರ್ಷದ ಮೊಮ್ಮಗನ ಹೆಸರಿಗೆ ಆಗುತ್ತಾ? ವಕೀಲರ ಉತ್ತರ

ಪ್ರಶ್ನೆ (ಕೊಪ್ಪ ಕಡೆಯ ಅಡಿಕೆ ಬೆಳೆಗಾರರು):
ವಕೀಲರೇ ನಮಸ್ಕಾರ. ನಮ್ಮ ಅಪ್ಪಯ್ಯಂಗೆ ಈಗ 72, ಬೆಳೆ ರಕ್ಷಣೆಗೆ ಅಂತ ಒಂಟಿ ನಳಿಗೆ ಕೇಪಿನ ಕೋವಿ ಲೈಸೆನ್ಸ್ ಅವರ ಹೆಸರಲ್ಲೇ ಇದೆ, ಕಣ್ಣು ಸರಿಯಾಗಿ ಕಾಣಲ್ಲ. ನನಗೆ ಬೆನ್ನು ನೋವು, ರಾತ್ರಿ ತೋಟಕ್ಕೆ ಹೋಗೋಕಾಗಲ್ಲ. ಮಗನಿಗೆ 19 ಆಯ್ತು, ಪಿಯುಸಿ ಮುಗಿಸಿ ತೋಟ ನೋಡ್ಕೊತಿದಾನೆ, ಹುಷಾರಿ ಹುಡುಗ. ಹಂದಿ ಕಾಟ ವಿಪರೀತ. ಕೋವಿ ಅವನ ಹೆಸರಿಗೆ ಮಾಡಿಸಬಹುದಾ? ಆಗೋವರೆಗೂ ರಾತ್ರಿ ಅವನೇ ತಗೊಂಡು ಹೋದ್ರೆ ತೊಂದ್ರೆ ಇದೆಯಾ, ಮನೆದೇ ಕೋವಿ ಅಲ್ವಾ?

ಉತ್ತರ:
ನಮಸ್ಕಾರ ಸರ್. ಕೊನೇ ಪ್ರಶ್ನೆಗೆ ಮೊದಲು ಹೇಳ್ತೀನಿ ಯಾಕಂದ್ರೆ ಅದು ಇವತ್ತು ರಾತ್ರಿನೇ ಆಗೋ ವಿಷಯ. ದಯವಿಟ್ಟು ಕಳಿಸಬೇಡಿ. ಲೈಸೆನ್ಸ್ ಮನೆಗೆ ಕೊಡೋದಲ್ಲ, ಮನುಷ್ಯನಿಗೆ ಕೊಡೋದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಸಣ್ಣ ವಿನಾಯಿತಿ ಇದೆ, ಲೈಸೆನ್ಸ್ ಇರೋರ ಎದುರಿಗೆ ಅಥವಾ ಅವರು ಬರೆದುಕೊಟ್ಟ ಪತ್ರ ಇಟ್ಕೊಂಡು ಬೇರೆಯವರು ಕೋವಿ ಹೊರಬಹುದು, ಆದ್ರೆ ಅದು ರಿಪೇರಿಗೆ, ಲೈಸೆನ್ಸ್ ರಿನೀವಲ್‌ಗೆ, ಇಲ್ಲಾ ಲೈಸೆನ್ಸ್‌ದಾರರೇ ಬಳಸೋದಕ್ಕೆ ಮಾತ್ರ. ಅಜ್ಜ ಮನೇಲಿ ಮಲಗಿದ್ದು ಮೊಮ್ಮಗ ಒಬ್ಬನೇ ತೋಟದಲ್ಲಿ ಕೋವಿ ಹಿಡ್ಕೊಂಡು ಕೂತಿದ್ರೆ ಅದು ಯಾವುದರಲ್ಲೂ ಬರಲ್ಲ. ಕೇಸ್ ಹುಡುಗನ ಮೇಲೂ ಆಗುತ್ತೆ, ಕೊಟ್ಟಿದ್ದಕ್ಕೆ ಅಜ್ಜನ ಮೇಲೂ ಆಗಬಹುದು.

ಇನ್ನು ಹೆಸರಿಗೆ ಮಾಡಿಸೋದು. 9ನೇ ಸೆಕ್ಷನ್ ಪ್ರಕಾರ 21 ತುಂಬದೇ ಇರೋರು ಬಂದೂಕು ಕೊಳ್ಳೋ ಹಾಗಿಲ್ಲ, ಇಟ್ಟುಕೊಳ್ಳೋ ಹಾಗಿಲ್ಲ, ಹೊರೋ ಹಾಗೂ ಇಲ್ಲ. ಮೊದಲು ಇದು 16 ಇತ್ತು, 1983ರ ತಿದ್ದುಪಡಿಯಲ್ಲಿ 21 ಮಾಡಿದ್ರು. ಹಾಗಾಗಿ ಇನ್ನೆರಡು ವರ್ಷ ನಿಮ್ಮ ಮಗನಿಗೆ ಆಗಲ್ಲ. ಆದ್ರೆ ನಿಮಗೆ ಆಗುತ್ತೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಲೈಸೆನ್ಸ್‌ದಾರರಿಗೆ 70 ಆದ್ಮೇಲೆ ಅಥವಾ ಕೋವಿ ಇಟ್ಕೊಂಡು 25 ವರ್ಷ ಆದ್ಮೇಲೆ, ಯಾವುದು ಮೊದಲೋ ಅದು, ವಾರಸುದಾರರಲ್ಲಿ ಒಬ್ಬರ ಹೆಸರು ಸೂಚಿಸಬಹುದು ಅಂತಿದೆ. ಉಳಿದ ವಾರಸುದಾರರ ಒಪ್ಪಿಗೆ ಪತ್ರ ತಗೊಂಡು ಡಿಸಿ ಆಫೀಸಿಗೆ ಅರ್ಜಿ ಹಾಕಿ, ಪೊಲೀಸ್ ವರದಿ ಬರುತ್ತೆ, ಕೋವಿ ಬಳಕೆಯ ತರಬೇತಿ ಸರ್ಟಿಫಿಕೇಟ್ ಬೇಕು, ಮನೇಲಿ ಭದ್ರವಾಗಿ ಇಡ್ತೀನಿ ಅಂತ ಬರೆದುಕೊಡಬೇಕು.

ಇನ್ನೊಂದು, ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯೋ ಹಕ್ಕು ಬರಲ್ಲ, ಅದು ವನ್ಯಜೀವಿ ಕಾಯ್ದೆಗೆ ಸೇರಿದ್ದು, ಅರಣ್ಯ ಇಲಾಖೆ ಅನುಮತಿ ಇಲ್ಲದೆ ಹೊಡೆದ್ರೆ ಬೇರೆ ಕೇಸು.

ಪ್ರಶ್ನೆ (ಶೃಂಗೇರಿ, ಡಿಗ್ರಿ ವಿದ್ಯಾರ್ಥಿ):
ಸರ್ ನಂಗೂ 19. ಓಟು ಹಾಕ್ಬಹುದು, ಡ್ರೈವಿಂಗ್ ಲೈಸೆನ್ಸ್ ಸಿಗುತ್ತೆ, ಹದಿನೇಳೂವರೆಗೆ ಆರ್ಮಿ ಸೇರಿ ರೈಫಲ್ ಹಿಡೀಬಹುದು. ನಮ್ಮ ತೋಟ ಕಾಯೋಕೆ ಮಾತ್ರ ನಾವು ಮಕ್ಕಳಾ? ಇದು ನ್ಯಾಯನಾ?

ಉತ್ತರ:
ತಮ್ಮಾ, ಕೇಳಿದ್ದು ಒಳ್ಳೇದಾಯ್ತು, ನಿನ್ನ ಸಿಟ್ಟು ನನಗೆ ಅರ್ಥ ಆಗುತ್ತೆ. ಆರ್ಮಿ ವಿಷಯಾನೇ ತಗೋ. ಅಲ್ಲಿ ರೈಫಲ್ ಹುಡುಗನ ಹತ್ರ ಇರಲ್ಲ, ಕೋತ್‌ನಲ್ಲಿ, ಅಂದ್ರೆ ಆಯುಧ ಬೀಗ ಹಾಕಿಡೋ ಕೋಣೆಯಲ್ಲಿ ಇರುತ್ತೆ. ನಂಬರ್ ಬರೆಸಿ ಈಸ್ಕೋಬೇಕು, ಫೈರಿಂಗ್ ಆದ್ಮೇಲೆ ಗುಂಡು ಲೆಕ್ಕ ಒಪ್ಪಿಸಬೇಕು, ಪಕ್ಕದಲ್ಲಿ ಹವಾಲ್ದಾರ್ ನಿಂತಿರ್ತಾರೆ. ಎನ್‌ಸಿಸಿ ಹುಡುಗರು ನಿನಗಿಂತ ಚಿಕ್ಕೋರು ಪಾಯಿಂಟ್ 22 ರೈಫಲ್ ಹೊಡೀತಾರೆ, ಅದೂ ಹಾಗೇ. ಕಾಯ್ದೆ ಕೂಡ ಕಲಿಯೋದನ್ನ ತಡೆದಿಲ್ಲ, 12 ದಾಟಿದೋರು ದೊಡ್ಡೋರ ನೇರ ಉಸ್ತುವಾರಿಯಲ್ಲಿ ತರಬೇತಿ ತಗೋಬಹುದು. ತಡೆದಿರೋದು ನಡುರಾತ್ರಿ, ನೋಡೋರು ಯಾರೂ ಇಲ್ಲದೆ, ಒಬ್ಬನೇ ತೀರ್ಮಾನ ಮಾಡಿ ಕೋವಿಯ ಕುದುರೆ (ಟ್ರಿಗರ್) ಎಳೆಯೋದನ್ನ. ಎಲೆ ಅಲ್ಲಾಡಿದ್ದಕ್ಕೆ ಹಂದಿ ಅಂತ ಈಡು ಹೊಡೆದು ಮನುಷ್ಯನಿಗೆ ಬಿದ್ದಿರೋದು ಮಲೆನಾಡಿನಲ್ಲಿ ಎಷ್ಟು ಸಲ ಆಗಿಲ್ಲ ಹೇಳು. 21 ಆದ ತಕ್ಷಣ ಬುದ್ಧಿ ಬಂದುಬಿಡುತ್ತೆ ಅಂತ ನಾನೂ ಹೇಳಲ್ಲ, 50 ಆದ್ರೂ ಬರದೇ ಇರೋರು ಇದಾರೆ. ಆದ್ರೂ ಎಲ್ಲೋ ಒಂದು ಗೆರೆ ಬೇಕು, ಈ ಗೆರೆ ಸರಿ ಇದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ (ಸೋಮವಾರಪೇಟೆ):
ವಕೀಲರೇ, ಕೊಡಗಿನಲ್ಲಿ ಲೈಸೆನ್ಸೇ ಬೇಡ ಅಂತಾರಲ್ಲ, ಹಾಗಾದ್ರೆ ವಯಸ್ಸಿನ ಲೆಕ್ಕನೂ ಇಲ್ವಾ?

ಉತ್ತರ:
ಕೊಡಗಿನಲ್ಲಿರೋ ಎಲ್ಲರಿಗೂ ಅಲ್ಲ, ಕೊಡವರಿಗೆ ಮತ್ತೆ ಜಮ್ಮಾ ಹಿಡುವಳಿದಾರರಿಗೆ, ಅಂದ್ರೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರೋರಿಗೆ. ಬ್ರಿಟಿಷರ ಕಾಲದಿಂದ ಬಂದಿದ್ದು, ಕೇಂದ್ರ 2019ರ ಅಕ್ಟೋಬರ್‌ನಲ್ಲಿ ಇದನ್ನ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸ್ತು, ಪ್ರಶ್ನೆ ಮಾಡಿ ಹಾಕಿದ್ದ ಅರ್ಜಿಯನ್ನ 2021ರಲ್ಲಿ ಹೈಕೋರ್ಟ್ ವಜಾ ಮಾಡ್ತು. ಆದ್ರೆ ವಿನಾಯಿತಿ ಸಿಕ್ಕಿರೋದು ಲೈಸೆನ್ಸ್ ತಗೊಳ್ಳೋದರಿಂದ, 9ನೇ ಸೆಕ್ಷನ್ನಿನ ವಯಸ್ಸಿಂದ ಅಲ್ಲ ಅಂತಾನೇ ನಾನು ನನ್ನ ಹತ್ರ ಬರೋರಿಗೆ ಹೇಳೋದು. ಅಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು ಗುಂಡು ಹಾರಿಸ್ತಾರೆ, ಕೈಲ್‌ಪೊಳ್ದ್‌ಗೆ (ಅಲ್ಲಿನ ಆಯುಧ ಪೂಜೆ ಹಬ್ಬ) ಕೋವಿಗೆ ಪೂಜೆ ಮಾಡಿ ಆಮೇಲೆ ತೆಂಗಿನಕಾಯಿಗೆ ಗುರಿ ಇಡ್ತಾರೆ. ಹುಡುಗರು ಅದನ್ನೆಲ್ಲ ಹಿರಿಯರ ಪಕ್ಕ ನಿಂತೇ ಕಲಿಯೋದು, ಆ ಕ್ರಮ ನನಗೆ ಬಹಳ ಇಷ್ಟ.

ಮೊದಲ ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್, ನನ್ನ ಹೆಸರಿಗೇ ಅರ್ಜಿ ಹಾಕ್ತೀನಿ. ಅಲ್ಲಿವರೆಗೂ ಕೋವಿ ಅಡಿಗೆಮನೆ ಪಕ್ಕ ಗೋಡೆಗೆ ನೇತು ಹಾಕಿದೆ, ಖಾಲಿನೇ ಇದೆ ಅನ್ಸುತ್ತೆ, ಹಾಗೇ ಇರಲಾ?

ಉತ್ತರ:
‘ಅನ್ಸುತ್ತೆ’ ಬೇಡ ಸರ್. ಕೇಪಿನ ಕೋವಿಯಲ್ಲಿ ಜನ ಕೇಪು (ಕಿಡಿ ಹಾರಿಸೋ ಪುಟ್ಟ ಮುಚ್ಚಳ) ತೆಗೆದು ಖಾಲಿ ಅಂದುಬಿಡ್ತಾರೆ, ಮೂತಿಯಿಂದ ಒಳಗೆ ಮದ್ದು, ಚಿಲ್ಲು (ಸಣ್ಣ ಗುಂಡು) ಜಡಿದಿದ್ದು ಹಾಗೇ ತಿಂಗಳುಗಟ್ಟಲೆ ಇರುತ್ತೆ. ಅಪ್ಪಯ್ಯನ ಕೈಲೇ ನೋಡಿಸಿ. ಕೇಪು ಇಲ್ಲ ಅನ್ನೋದನ್ನ ಖಾತ್ರಿ ಮಾಡ್ಕೊಂಡು, ಮೂತಿ ಯಾರ ಕಡೆಗೂ ಇಲ್ಲದ ಹಾಗೆ ಹಿಡಿದು, ಮದ್ದು ಜಡಿಯೋ ಕಡ್ಡಿನ ನಿಧಾನಕ್ಕೆ ನಳಿಗೆ ಒಳಗೆ ಇಳಿಸಲಿ, ತಳ ಮುಟ್ಟದೆ ಮೇಲೇ ನಿಂತ್ರೆ ಒಳಗೆ ಈಡು ಇದೆ ಅಂತ. ಇದ್ರೆ ನೀವು ಕೆದಕೋಕೆ ಹೋಗಬೇಡಿ, ಗೊತ್ತಿರೋ ಕೋವಿ ರಿಪೇರಿಯವರನ್ನ ಮನೆಗೇ ಕರೆಸಿ. ಆಮೇಲೆ ಕೋವಿ ಬೀಗದೊಳಗೆ, ಮದ್ದು ಕೇಪು ಬೇರೆ ಬೀಗದೊಳಗೆ, ಕೀ ಅಪ್ಪಯ್ಯನ ಹತ್ರ ಮಾತ್ರ. ಅವರಿಗೆ ಅದೂ ಕಷ್ಟ ಆದ್ರೆ ಸ್ಟೇಷನ್ನಿಗೋ ಲೈಸೆನ್ಸ್ ಇರೋ ಬಂದೂಕು ಅಂಗಡಿಗೋ ಡೆಪಾಸಿಟ್ ಮಾಡಿ ರಸೀದಿ ತಗೊಳ್ಳಿ, ಎಲೆಕ್ಷನ್ ಟೈಮಲ್ಲಿ ಕೊಡ್ತೀವಲ್ಲ ಹಾಗೇ. ಅರ್ಜಿ ಜೊತೆ ಆ ರಸೀದಿಯ ಪ್ರತಿನೂ ಇಡಿ.