ಓಪನ್‌ಜಿಎಲ್ ಕಲಿತದ್ದೆಲ್ಲ ದಂಡವಾಯ್ತಾ?

ಪ್ರಶ್ನೆ, ಮಂಡ್ಯದಿಂದ:
ನಮಸ್ಕಾರ ಸರ್. ನಾನು ಫೈನಲ್ ಇಯರ್ ಇಂಜಿನಿಯರಿಂಗ್. ಪ್ರಾಜೆಕ್ಟ್‌ಗೆ ಓಪನ್‌ಜಿಎಲ್ 3.3ರಲ್ಲಿ, ಅಂದ್ರೆ ತೆರೆಗೆ ಚಿತ್ರ ಬಿಡಿಸೋಕೆ ಗ್ರಾಫಿಕ್ಸ್ ಕಾರ್ಡ್‌ಗೆ ಆಜ್ಞೆ ಕೊಡೋ ವ್ಯವಸ್ಥೆಯಲ್ಲಿ, ಒಂದು ಚಿಕ್ಕ ಆಟ ಮಾಡ್ತಿದ್ದೇನೆ. ಗದ್ದೆಯಿಂದ ಆಲೆಮನೆಗೆ ಕಬ್ಬಿನ ಗಾಡಿ ಹೊಡೆಯಬೇಕು, ಹೊತ್ತು ಮುಳುಗೋದರೊಳಗೆ ತಲುಪಬೇಕು, ಅಷ್ಟೇ. ಎಂಟು ತಿಂಗಳಿಂದ ಇದರಲ್ಲೇ ಇದ್ದೇನೆ. ಈಗ ಗೈಡ್ "ಓಪನ್‌ಜಿಎಲ್ ಸತ್ತುಹೋಯ್ತಲ್ಲಮ್ಮ, ಅದರ ಜಾಗಕ್ಕೆ ಬಂದ ವಲ್ಕನ್ ಕಲಿ" ಅಂತಾರೆ. ಗೆಳತಿ ರೆಡಿ ಗೇಮ್ ಇಂಜಿನ್ ಯೂನಿಟಿ ಕಲಿ ಅಂತಾಳೆ. ಕಲಿತದ್ದೆಲ್ಲ ದಂಡವಾಯ್ತಾ? ಇನ್ನೊಂದು, ಗಾಡಿಯ ಚಕ್ರ ತನ್ನ ಅಚ್ಚಿನ ಮೇಲೆ ತಿರುಗೋದು ಬಿಟ್ಟು ಗಾಡಿಗೇ ಪ್ರದಕ್ಷಿಣೆ ಹಾಕುತ್ತೆ. ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ.

ಉತ್ತರ, ಮೈಸೂರಿನ ಗ್ರಾಫಿಕ್ಸ್ ಪ್ರೋಗ್ರಾಮರ್:
ಮೊದಲು ಚಕ್ರ. ನಿಮ್ಮ ದೊಡ್ಡ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ನೀವು ಚಕ್ರವನ್ನು ಮೊದಲು ಗಾಡಿಯ ಪಕ್ಕಕ್ಕೆ ಸರಿಸಿ ಆಮೇಲೆ ತಿರುಗಿಸ್ತಿದ್ದೀರಿ, ಅದಕ್ಕೇ ಅದು ಗಾಡಿ ಸುತ್ತ ಸುತ್ತುತ್ತೆ. ಇದ್ದಲ್ಲೇ ತಿರುಗಿಸಿ, ಆಮೇಲೆ ಸರಿಸಬೇಕು. ಈ ಲೆಕ್ಕಕ್ಕೆ ಜಿಎಲ್‌ಎಮ್ ಅನ್ನೋ ಗಣಿತದ ಲೈಬ್ರರಿ ಬಳಸ್ತಿದ್ದರೆ ಕೋಡ್‌ನಲ್ಲಿ ಇದು ಉಲ್ಟಾ ಕಾಣುತ್ತೆ: ಸರಿಸೋ ಟ್ರಾನ್ಸ್‌ಲೇಟ್ ಸಾಲು ಮೇಲೆ, ತಿರುಗಿಸೋ ರೊಟೇಟ್ ಸಾಲು ಕೆಳಗೆ. ನಾನೂ ಇಲ್ಲಿ ಒಂದು ವಾರ ಹಾಳು ಮಾಡಿಕೊಂಡಿದ್ದೆ. ಇದೇ ಆಟವನ್ನು ವಲ್ಕನ್‌ನಲ್ಲಿ ಬರೆದಿದ್ದರೂ ನಿಮ್ಮ ಚಕ್ರ ಹೀಗೇ ಪ್ರದಕ್ಷಿಣೆ ಹಾಕ್ತಿತ್ತು, ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್‌ನಲ್ಲೂ ಅಷ್ಟೇ. ಅಂದ್ರೆ ನೀವು ಕಲಿತ ಈ ಲೆಕ್ಕ ಎಲ್ಲಿಗೆ ಹೋದರೂ ದಂಡವಾಗಲ್ಲ.

ಇನ್ನು ಸತ್ತುಹೋದ ಮಾತು. ಓಪನ್‌ಜಿಎಲ್ 1992ರದು, ಕೊನೆಯ ಆವೃತ್ತಿ 4.6 ಬಂದದ್ದು 2017ರಲ್ಲಿ. ಮರುವರ್ಷ ಆಪಲ್ ಇನ್ನು ಇದನ್ನು ನೆಚ್ಚಬೇಡಿ ಅಂದಿತು, ಮ್ಯಾಕ್‌ನಲ್ಲಿ ಅದು 4.1ಕ್ಕೇ ನಿಂತಿದೆ. ಹಾಗಾಗಿ ನಿಮ್ಮ ಗೈಡ್ ಸುಮ್ನೆ ಹೇಳಿಲ್ಲ, ಬೆಳೆಯೋದು ನಿಂತಿದೆ ನಿಜ. ಆದರೆ ಗೊಡೊ 4 ಅನ್ನೋ ಗೇಮ್ ಇಂಜಿನ್‌ನಲ್ಲಿ ಹಳೆ ಯಂತ್ರಗಳಿಗೆಂದು ಇಟ್ಟಿರುವ ರೆಂಡರರ್, ಅಂದ್ರೆ ಚಿತ್ರ ಬಿಡಿಸೋ ಭಾಗ, ಓಪನ್‌ಜಿಎಲ್ ಮೇಲೇ ನಡೆಯುತ್ತೆ. ಸತ್ತದ್ದರ ಮೇಲೆ ಯಾರಾದರೂ ಗಾಡಿ ಹೂಡ್ತಾರಾ?

ವಲ್ಕನ್ 2016ರಲ್ಲಿ ಬಂತು. ಅಲ್ಲಿ ಮೆಮೊರಿ ಎಲ್ಲಿ, ಯಾವ ಕೆಲಸ ಯಾವುದಕ್ಕೆ ಕಾಯಬೇಕು, ಎಲ್ಲ ನೀವೇ ಹೇಳಬೇಕು, ಒಂದು ತ್ರಿಕೋನ ತೆರೆಗೆ ಬರೋಕೆ ಸುಮಾರು ಸಾವಿರ ಸಾಲು ಆಗುತ್ತೆ. ಪ್ರಾಜೆಕ್ಟ್ ಒಪ್ಪಿಸೋ ಹೊತ್ತಲ್ಲಿ ಖಂಡಿತ ಬೇಡ. ಮುಗಿದ ಮೇಲೆ ಇದೇ ಗಾಡಿಯನ್ನು ಅದಕ್ಕೆ ದಾಟಿಸಿ ನೋಡಿ. ಶುರುವಿನಲ್ಲಿ ಚಿತ್ರ ತಲೆಕೆಳಗಾಗಿ ಬಂದರೆ ಹೆದರಬೇಡಿ, ಅಲ್ಲಿ ವೈ, ಅಂದ್ರೆ ಮೇಲೆ-ಕೆಳಗಿನ ದಿಕ್ಕು, ಉಲ್ಟಾ.

ಯೂನಿಟಿ ಕಲಿತರೆ ಕೆಲಸಕ್ಕೆ ಒಳ್ಳೆಯದೇ. ನೆಮ್ಮದಿ ಅಂತ ಮಾತ್ರ ಹೋಗಬೇಡಿ. 2023ರ ಸೆಪ್ಟೆಂಬರ್‌ನಲ್ಲಿ, ಒಂದು ಮಿತಿ ದಾಟಿದ ಆಟಗಳಿಗೆ ಇನ್‌ಸ್ಟಾಲ್ ಲೆಕ್ಕದಲ್ಲಿ ಶುಲ್ಕ ಅಂತ ಅವರು ಹೊರಟರು, ಗಲಾಟೆ ಆಯ್ತು, ವರ್ಷದ ಮೇಲೆ ಕೈಬಿಟ್ಟರು. ನಾನು ಶುರು ಮಾಡಿದ್ದು ಆಟ ಬರೆಯೋಕೆ ಮೈಕ್ರೋಸಾಫ್ಟ್ ಕೊಟ್ಟಿದ್ದ ಎಕ್ಸ್‌ಎನ್‌ಎಯಲ್ಲಿ. 2006ರಲ್ಲಿ ಬಂದದ್ದು, 2013ರಲ್ಲಿ ಇನ್ನು ಬೆಳೆಸಲ್ಲ ಅಂತ ಗೊತ್ತಾಯ್ತು. ಅರ್ಧ ಬರೆದ ಆಟವನ್ನು ಅದರದೇ ಮಾದರಿಯ ಮೊನೊಗೇಮ್‌ಗೆ ಒಯ್ದೆ, ಕೋಡ್ ಮುಕ್ಕಾಲು ಪಾಲು ಹಾಗೇ ನಡೆಯಿತು.

ಮೈಸೂರಿನಿಂದ ಇನ್ನೊಬ್ಬರು:
ಅಣ್ಣ, ಮುಂದೆ ಎಲ್ಲ ಎಐ ಚಿತ್ರ ಬಿಡಿಸುತ್ತಲ್ಲ, ಇದೆಲ್ಲ ಯಾಕೆ ಬೇಕು?

ಉತ್ತರ:
ಈಗ ಆಟಗಳಲ್ಲಿ ಓಡ್ತಿರೋ ಡಿಎಲ್‌ಎಸ್‌ಎಸ್ ನೋಡಿ, ಎನ್ವಿಡಿಯಾದ ಎಐ ತಂತ್ರ ಅದು. ಚಿಕ್ಕ ಚಿತ್ರವನ್ನು ದೊಡ್ಡದು ಮಾಡುತ್ತೆ, ನಡುವೆ ಫ್ರೇಮ್ ಕೂಡ ಹುಟ್ಟಿಸುತ್ತೆ. ಆದರೆ ಯಾವ ಪಿಕ್ಸೆಲ್ ಎತ್ತ ಸರಿಯಿತು, ಎಷ್ಟು ದೂರದಲ್ಲಿದೆ ಅಂತ ನಮ್ಮ ರೆಂಡರರ್ ಅದಕ್ಕೆ ಲೆಕ್ಕ ಕೊಡಬೇಕು. ಹತ್ತು ವರ್ಷದ ಮಾತು ಬೇರೆ, ಅದನ್ನು ನಾನು ಹೇಳೋಕೆ ಹೋಗಲ್ಲ.

ಮಂಡ್ಯದಿಂದ:
ಸರ್, ಎರಡು ಸಾಲು ಅದಲು ಬದಲು ಮಾಡಿದೆ, ಚಕ್ರ ಸರಿಹೋಯ್ತು! ತುಂಬಾ ಥ್ಯಾಂಕ್ಸ್. ಈಗ ಎತ್ತುಗಳು ಹಿಂದಕ್ಕೆ ನಡೀತಿವೆ.